ಸೃಷ್ಟಿಯ ಬಣ್ಣಗಳ ಮುಂದೆ ಪ್ರಾರ್ಥನೆ: ಕ್ರೈಸ್ತ ವಿಶ್ವಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೋಶೆ ತನ್ನ ಮಾವನ ಕುರಿಗಳನ್ನು ಮೇಯಿಸುತ್ತಿದ್ದಾಗ ಪೊದೆಯೊಂದು ಉರಿಯುತ್ತಿರುವುದನ್ನು ಕಂಡನು. ಉರಿಯುತ್ತಿದೆ, ಆದರೆ ಸುಟ್ಟುಹೋಗುತ್ತಿಲ್ಲ. ಇದೇನು ನೋಡೋಣ ಎಂದು ಹಿಡಿದ ದಾರಿ ಬಿಟ್ಟು ಆ ಕಡೆ ತಿರುಗಿದನು. ವಿಮೋಚನಕಾಂಡ 3:4ನ್ನು ನಿಧಾನವಾಗಿ ಓದಿ. ಅವನು ನೋಡುವುದಕ್ಕೆ ತಿರುಗಿದ್ದನ್ನು ಕಂಡ ಮೇಲೆ ದೇವರು ಅವನನ್ನು ಹೆಸರು ಹಿಡಿದು ಕರೆದರು. ತಿರುಗಿ ನೋಡಿದ್ದು ಮೊದಲು, ಕರೆ ಬಂದದ್ದು ಆಮೇಲೆ.

ನಾವು ತಿರುಗಿ ನೋಡುವುದೇ ಕಡಿಮೆ. ಮರದ ಕೆಳಗೆ ಹಾದುಹೋಗುತ್ತೇವೆ. ಅದರ ಹಸಿರು ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಸಂಜೆಯ ಕೆಂಪು ಚೆನ್ನಾಗಿ ಕಂಡರೆ ಒಂದು ಫೋಟೋ ಹೊಡೆದು ಮುಂದೆ ನಡೆಯುತ್ತೇವೆ. ಹಾಗೆ ನಡೆದುಹೋಗದೆ ಸ್ವಲ್ಪ ಹೊತ್ತು ಆ ಬಣ್ಣದ ಮುಂದೆ ನಿಂತು ಅಲ್ಲೇ ಪ್ರಾರ್ಥಿಸುವುದು ಹೇಗೆ? ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದಕ್ಕೆ ಬೆಟ್ಟ, ಸಮುದ್ರ ಬೇಕೆಂದಿಲ್ಲ. ಒಂದು ಬೈಬಲ್, ಒಂದು ಕಿಟಕಿ, ಇಪ್ಪತ್ತು ನಿಮಿಷ ಇದ್ದರೆ ಸಾಕು.

ಶುರು ಮಾಡುವ ಮುನ್ನ ಎರಡು ವಿಷಯ

ಹಸಿರು ನೋಡಿದರೆ ನೆಮ್ಮದಿ, ನೀಲಿ ನೋಡಿದರೆ ಶಾಂತಿ, ಕೆಂಪು ನೋಡಿದರೆ ಶಕ್ತಿ. ಇಂಥ ಪಟ್ಟಿಗಳನ್ನು ನೀವು ಎಲ್ಲಾದರೂ ಓದಿರುತ್ತೀರಿ. ಅದನ್ನು ಬದಿಗಿಡಿ. ಕ್ರೈಸ್ತ ನಂಬಿಕೆಯಲ್ಲಿ ಬಣ್ಣಕ್ಕೆ ಅದರದ್ದೇ ಆದ ದೈವಶಕ್ತಿ ಇಲ್ಲ. ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ ಮರುಳಾಗಿ ಅವುಗಳಿಗೆ ಅಡ್ಡಬೀಳಬೇಡಿ ಎಂದು ಧರ್ಮೋಪದೇಶಕಾಂಡ 4:19 ನೇರವಾಗಿಯೇ ಎಚ್ಚರಿಸುತ್ತದೆ. ಸಂತ ಅಗಸ್ಟೀನರು (354–430) ತಮ್ಮ ಆತ್ಮಕಥೆಯಲ್ಲಿ ಭೂಮಿಯನ್ನು, ಸಮುದ್ರವನ್ನು, ಗಾಳಿಯನ್ನು ಒಂದೊಂದಾಗಿ ವಿಚಾರಿಸುತ್ತಾರೆ. ಎಲ್ಲವೂ ಕೊಡುವ ಉತ್ತರ ಒಂದೇ: ನಾವು ನಿನ್ನ ದೇವರಲ್ಲ, ಆತನೇ ನಮ್ಮನ್ನು ಉಂಟುಮಾಡಿದನು. ಅಂದರೆ ಸೃಷ್ಟಿ ನಮ್ಮನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮುಂದಕ್ಕೆ ಕಳುಹಿಸುತ್ತದೆ. ಹಾಗೆ ಕಳುಹಿಸಬೇಕಾದರೆ ಮೊದಲು ನಾವು ಅದರ ಹತ್ತಿರ ಹೋಗಿ ನಿಲ್ಲಬೇಕಲ್ವಾ? ಅವಸರದಲ್ಲಿ ಹಾದುಹೋಗುವವರಿಗೆ ಅದು ಏನನ್ನೂ ಹೇಳುವುದಿಲ್ಲ.

ಎರಡನೆಯದು ಶಾಂತಿಯ ವಿಷಯ. ಯೋಹಾನ 14:27ರಲ್ಲಿ ಯೇಸುಸ್ವಾಮಿ ಶಿಷ್ಯರಿಗೆ ತಮ್ಮ ಶಾಂತಿಯನ್ನು ಕೊಡುತ್ತಾರೆ. ಲೋಕ ಕೊಡುವ ರೀತಿಯಲ್ಲಿ ನಾನು ಕೊಡುವುದಿಲ್ಲ ಎನ್ನುತ್ತಾರೆ. ಈ ಮಾತು ಬಂದದ್ದು ಅವರನ್ನು ಹಿಡಿದೊಯ್ದ ರಾತ್ರಿಯೇ. ಸುತ್ತಲೂ ಭಯ ತುಂಬಿದ್ದಾಗ ಕೊಟ್ಟ ಶಾಂತಿ ಅದು. ಆದ್ದರಿಂದ ಈ ಅಭ್ಯಾಸದ ಕೊನೆಗೆ ಮನಸ್ಸು ಹಗುರವಾಗಲೇಬೇಕು ಎಂದು ಕಾದು ಕೂರಬೇಡಿ. ಕೆಲವೊಮ್ಮೆ ಹಗುರವಾಗುತ್ತದೆ. ಕೆಲವೊಮ್ಮೆ ಅಳು ಬರುತ್ತದೆ. ಎಷ್ಟೋ ಸಲ ಏನೂ ಆಗುವುದಿಲ್ಲ.

ಹಂತ 1: ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ದಿನಾ ಒಂದೇ ಜಾಗ ಒಳ್ಳೆಯದು. ಹೊಸ ಹೊಸ ಜಾಗ ಹುಡುಕುತ್ತಾ ಹೋದರೆ ಕಣ್ಣಿಗೆ ಹಬ್ಬ, ಆದರೆ ಪ್ರಾರ್ಥನೆ ಪ್ರವಾಸವಾಗುತ್ತದೆ. ಅದೇ ಮರವನ್ನು, ಅದೇ ಆಕಾಶದ ತುಂಡನ್ನು ಮತ್ತೆ ಮತ್ತೆ ನೋಡಿದಾಗಲೇ ನಿನ್ನೆ ಇದ್ದ ಬಣ್ಣ ಇವತ್ತಿಲ್ಲ ಎಂಬುದು ಗೊತ್ತಾಗುವುದು.

ಹೊತ್ತು ಬೆಳಗಿನದೋ ಸಂಜೆಯದೋ ಆಗಿರಲಿ. ನಡುಮಧ್ಯಾಹ್ನದ ಬಿಸಿಲು ಮೇಲಿನಿಂದ ನೇರವಾಗಿ ಬಿದ್ದು ಬಣ್ಣಗಳನ್ನು ಮಂಕು ಮಾಡುತ್ತದೆ. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ ಬರುತ್ತದೆ, ಎಲೆಯ ಒಂದೊಂದು ನರವೂ ಕಾಣುತ್ತದೆ. ಫೋನ್ ಒಳಗೆ ಬಿಟ್ಟು ಬನ್ನಿ. ವಚನ ಓದಲು ಬೇಕು ಅನ್ನಿಸಿದರೆ ಮುದ್ರಿತ ಬೈಬಲ್ ತನ್ನಿ, ಇಲ್ಲವೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ: ಸೂರ್ಯನನ್ನು ನೇರವಾಗಿ ದಿಟ್ಟಿಸಬೇಡಿ, ಮುಳುಗುವ ಹೊತ್ತಿನಲ್ಲೂ ಬೇಡ. ಅದರ ಬೆಳಕು ಯಾವುದರ ಮೇಲೆ ಬಿದ್ದಿದೆಯೋ ಅದನ್ನು ನೋಡಿ.

ಹಂತ 2: ಕಣ್ಣಿಗೆ ಬಿಡುವು ಕೊಡಿ

ಪರದೆ ನೋಡಿ ನೋಡಿ ದಣಿದ ಕಣ್ಣು ಹೊರಗೆ ಬಂದ ಕೂಡಲೇ ನೋಡಲು ಒಪ್ಪುವುದಿಲ್ಲ. ಅದು ಅತ್ತಿತ್ತ ಹಾರಾಡುತ್ತಿರುತ್ತದೆ. ಎರಡು ಮೂರು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಉಸಿರಾಟ ತನ್ನಷ್ಟಕ್ಕೆ ನಡೆಯಲಿ. "ಕರ್ತನೇ, ನನ್ನ ಕಣ್ಣು ತೆರೆ" ಎಂಬಷ್ಟು ಚಿಕ್ಕ ಪ್ರಾರ್ಥನೆ ಸಾಕು. ನಿಮ್ಮ ಮಾತಿನಲ್ಲೇ ಹೇಳಿ. ಇಲ್ಲಿ ಉದ್ದದ ಪ್ರಾರ್ಥನೆ ಮಾಡಿದರೆ ನೋಡುವುದಕ್ಕೆ ಹೊತ್ತು ಉಳಿಯುವುದಿಲ್ಲ.

ಹಂತ 3: ಒಂದೇ ಬಣ್ಣ ಆರಿಸಿ, ಅದರಲ್ಲೇ ನಿಲ್ಲಿ

ಇಡೀ ಅಭ್ಯಾಸದ ಜೀವ ಇರುವುದು ಇಲ್ಲಿ. ಕಣ್ಣು ತೆರೆದಾಗ ಎದುರಿಗೆ ಹತ್ತಾರು ಬಣ್ಣ ಇರುತ್ತವೆ. ಒಂದನ್ನು ಮಾತ್ರ ಆರಿಸಿಕೊಳ್ಳಿ. ಹಸಿರು ಎಂದುಕೊಳ್ಳೋಣ. ಈಗ ಹಸಿರನ್ನು ಬಿಟ್ಟು ಬೇರೇನನ್ನೂ ಹುಡುಕಬೇಡಿ. ಚಿಗುರಿನ ಎಳೆ ಹಸಿರು, ಬಲಿತ ಎಲೆಯ ಕಡು ಹಸಿರು, ಗೋಡೆಯ ಮೇಲಿನ ಪಾಚಿ ಹಸಿರು, ಬಿಸಿಲಿಗೆ ಹಿಡಿದ ಎಲೆಯ ಹಳದಿ ಬೆರೆತ ಹಸಿರು. ಒಂದೇ ಎಲೆಯ ಮೇಲ್ಮೈ ಒಂದು ಹಸಿರು, ಅಡಿಮೈ ಇನ್ನೊಂದು. ಐದು ನಿಮಿಷ ಹೀಗೆ ನೋಡಿದರೆ ನಾವು "ಹಸಿರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದರೊಳಗೆ ಎಷ್ಟೊಂದಿದೆ ಎಂದು ಆಶ್ಚರ್ಯವಾಗುತ್ತದೆ.

ಮತ್ತಾಯ 6:28ರಲ್ಲಿ ಅಡವಿಯ ಹೂವುಗಳನ್ನು ಗಮನಿಸಿ ನೋಡಿರಿ ಎಂದು ಯೇಸುಸ್ವಾಮಿ ಹೇಳಿದ್ದು ಚಿಂತೆಯಲ್ಲಿ ಬೇಯುತ್ತಿದ್ದ ಜನರಿಗೆ. ಊಟಕ್ಕೇನು, ಬಟ್ಟೆಗೇನು ಎಂದು ಕಂಗಾಲಾಗಿದ್ದವರ ಮುಂದೆ ಅವರು ಹೂವನ್ನು ತೋರಿಸಿದರು. ಅರಸ ಸೊಲೊಮೋನನಿಗೂ ಆ ಹೂವಿನಷ್ಟು ಉಡುಪು ಇರಲಿಲ್ಲ ಎಂದರು. ಚಿಂತೆಗೆ ಹೂವು ಮದ್ದೇ ಎಂದು ನಗಬಹುದು. ಆದರೆ ಅವರು ಚಿಂತೆಯನ್ನು ವಾದ ಮಾಡಿ ಓಡಿಸಲಿಲ್ಲ. ಕಣ್ಣನ್ನು ಬೇರೆ ಕಡೆ ತಿರುಗಿಸಿದರು. ಆ ಜಾಣತನವನ್ನು ನಾವು ಇನ್ನೂ ಸರಿಯಾಗಿ ಕಲಿತಿಲ್ಲ ಅನ್ನಿಸುತ್ತದೆ.

ಇಲ್ಲೇ ಇನ್ನೊಂದು ಮಾತು. ಕೆಂಪು ಹೂವನ್ನೇ ದಿಟ್ಟಿಸಿ ನೋಡಿ, ಆಮೇಲೆ ಬಿಳಿ ಗೋಡೆಯ ಕಡೆ ತಿರುಗಿದರೆ ಹಸಿರು ಛಾಯೆಯ ಒಂದು ಆಕಾರ ತೇಲುತ್ತದೆ. ಅದು ದರ್ಶನವಲ್ಲ. ಕೆಂಪನ್ನು ಗ್ರಹಿಸುವ ಕಣ್ಣಿನ ಕೋಶಗಳು ದಣಿದಾಗ ಹಾಗೆ ಕಾಣುತ್ತದೆ. ಇದನ್ನು ದೈವೀ ಸಂಕೇತ ಎಂದುಕೊಳ್ಳುವವರೂ ಇದ್ದಾರೆ, ಅದಕ್ಕೇ ಹೇಳಿದೆ. ಕಣ್ಣು ಮಿಟುಕಿಸುತ್ತಾ, ನೋಟವನ್ನು ನಿಧಾನವಾಗಿ ಸರಿಸುತ್ತಾ ನೋಡಿ.

ಹಂತ 4: ವಚನ, ಮಾತು, ಮೌನ

ಕಣ್ಣು ತುಂಬಿದ ಮೇಲೆ ಬೈಬಲ್ ತೆರೆಯಿರಿ. ಒಂದೇ ವಚನ ಓದಿ, ಎರಡು ಸಲ ಓದಿ, ಬಾಯಿಬಿಟ್ಟು ಓದಿದರೆ ಇನ್ನೂ ಒಳ್ಳೆಯದು. ಮಠಗಳಲ್ಲಿ ಹಳೆಯ ಕಾಲದಿಂದಲೂ ಬಂದ ಒಂದು ಕ್ರಮವಿದೆ: ಓದು, ಮೆಲುಕು, ಪ್ರಾರ್ಥನೆ, ಮೌನ ಧ್ಯಾನ. 12ನೇ ಶತಮಾನದ ಎರಡನೇ ಗೀಗೊ ಎಂಬ ಮಠಾಧಿಪತಿ ಇದನ್ನು ನಾಲ್ಕು ಮೆಟ್ಟಿಲುಗಳ ಏಣಿ ಎಂದು ವಿವರಿಸಿದರು. ನಾವು ಇಲ್ಲಿ ಮಾಡುವುದೂ ಅದನ್ನೇ. ಒಂದು ವ್ಯತ್ಯಾಸವೆಂದರೆ ಓದುವುದಕ್ಕೆ ಮುಂಚೆ ನೋಡುತ್ತೇವೆ.

ಮೆಲುಕು ಹಾಕುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈಗ ನೋಡಿದ್ದಕ್ಕೂ ಈ ವಚನಕ್ಕೂ ನನ್ನ ಇವತ್ತಿನ ಬದುಕಿಗೂ ಏನಾದರೂ ಸಂಬಂಧ ಇದೆಯೇ? ಸಂಬಂಧ ಸಿಗಲಿಲ್ಲವೇ, ಬಿಡಿ. ಎಳೆದು ತಂದು ಕಟ್ಟಬೇಡಿ. ಆಮೇಲೆ ದೇವರೊಡನೆ ಮಾತಾಡಿ, ಮನೆಯ ಹಿರಿಯರೊಡನೆ ಮಾತಾಡುವ ಹಾಗೆ. ಮೊದಲು ಕೃತಜ್ಞತೆ, ಆಮೇಲೆ ಕಷ್ಟ. ಈ ಅನುಕ್ರಮ ಬದಲಾದರೆ ಕಷ್ಟವೇ ಎಲ್ಲಾ ಹೊತ್ತನ್ನೂ ನುಂಗಿಬಿಡುತ್ತದೆ. ಕೊನೆಗೆ ಮಾತು ನಿಲ್ಲಿಸಿ ಸುಮ್ನೆ ಇರಿ. ಐದು ನಿಮಿಷದ ಮೌನ ಶುರುವಿನಲ್ಲಿ ಬಹಳ ಉದ್ದ ಅನ್ನಿಸುತ್ತದೆ.

ಯಾವ ಬಣ್ಣಕ್ಕೆ ಯಾವ ವಚನ

ವಾರಕ್ಕೊಂದು ಬಣ್ಣ ಎಂದು ಇಟ್ಟುಕೊಳ್ಳಿ. ಹಸಿರಿನಿಂದ ಶುರು ಮಾಡುವುದು ಸುಲಭ. ಕತ್ತಲನ್ನು ಕೊನೆಗೆ ಇಟ್ಟುಕೊಳ್ಳಿ.

*ಹಸಿರು.* ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಸುಲಭವಾಗಿ ಗ್ರಹಿಸುವುದು ಹಳದಿ ಬೆರೆತ ಹಸಿರನ್ನು. ಎಲೆ ಹಸಿರಾಗಿ ಕಾಣುವುದು ಅದರ ಪತ್ರಹರಿತ್ತು ಬೆಳಕಿನ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಜಾಸ್ತಿ ಹೊರಗೆ ಬಿಡುವುದರಿಂದ. ಹೀರಿಕೊಂಡ ಬೆಳಕೇ ಗಿಡದ ಆಹಾರವಾಗುತ್ತದೆ, ಕೊನೆಗೆ ನಮ್ಮದೂ ಆಗುತ್ತದೆ. ನಾವು ನೋಡಿ ಸಂತೋಷಪಡುವುದು ಗಿಡ ತನಗಿಟ್ಟುಕೊಳ್ಳದೆ ಬಿಟ್ಟುಕೊಟ್ಟ ಬೆಳಕನ್ನು.

ಕೀರ್ತನೆ 23ರ ಹಸುರುಗಾವಲು ಎಲ್ಲರಿಗೂ ಗೊತ್ತು. ಅಷ್ಟು ಗಮನಕ್ಕೆ ಬಾರದ ಒಂದು ಹಸಿರು ಮಾರ್ಕ 6:39ರಲ್ಲಿದೆ. ಐದು ಸಾವಿರ ಗಂಡಸರಿಗೆ ಊಟ ಹಾಕಿದ ಘಟನೆಯನ್ನು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಆದರೆ ಜನರನ್ನು ಕೂರಿಸಿದ ಹುಲ್ಲು ಹಸಿರಾಗಿತ್ತು ಎಂದು ಬರೆದವರು ಮಾರ್ಕರೊಬ್ಬರೇ. ಆಗ ಪಸ್ಕ ಹಬ್ಬ ಹತ್ತಿರವಾಗಿತ್ತು ಎಂದು ಯೋಹಾನ 6:4 ಹೇಳುತ್ತದೆ. ಅಂದರೆ ಅದು ವಸಂತಕಾಲ, ಮಳೆ ಮುಗಿದು ಬೇಸಿಗೆ ಹುಲ್ಲನ್ನು ಒಣಗಿಸುವ ಮುಂಚಿನ ದಿನಗಳು. ಕುರುಬನಿಲ್ಲದ ಕುರಿಗಳ ಹಾಗಿದ್ದ ಜನರನ್ನು ಕಂಡು ಯೇಸುಸ್ವಾಮಿ ಕನಿಕರಪಟ್ಟರು ಎಂದು ಮಾರ್ಕರ ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆಯೇ ಇದೆ. ಕುರುಬ ಬಂದಿದ್ದಾನೆ, ಹಸಿರಿನ ಮೇಲೆ ಕೂರಿಸುತ್ತಿದ್ದಾನೆ, ಊಟ ಕೊಡುತ್ತಿದ್ದಾನೆ. ಇದು 23ನೇ ಕೀರ್ತನೆಯೇ ಅಲ್ವಾ? ಹುಲ್ಲಿನ ಮುಂದೆ ಕುಳಿತು ಈ ಎರಡು ಭಾಗಗಳನ್ನು ಒಟ್ಟಿಗೆ ಓದಿ ನೋಡಿ.

ಕಷ್ಟದ ದಿನಗಳಲ್ಲಿ ಯೆರೆಮೀಯ 17:8 ಓದಿ. ನೀರಿನ ಬಳಿ ನೆಟ್ಟ ಮರಕ್ಕೆ ಬರಗಾಲದಲ್ಲೂ ಚಿಂತೆಯಿಲ್ಲ, ಎಲೆ ಹಸಿರಾಗಿಯೇ ಇರುತ್ತದೆ ಎನ್ನುತ್ತದೆ. ಬರ ಬರುವುದಿಲ್ಲ ಎಂದು ಆ ವಚನ ಹೇಳುವುದಿಲ್ಲ, ಗಮನಿಸಿ. ಜರ್ಮನಿಯ ರೈನ್ ನದಿಯ ಸೀಮೆಯಲ್ಲಿದ್ದ ಸನ್ಯಾಸಿನಿ, ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್ (1098–1179) ದೇವರು ಸೃಷ್ಟಿಗೂ ಆತ್ಮಕ್ಕೂ ಕೊಡುವ ಜೀವಕಳೆಯನ್ನು ಹಸಿರುತನ ಎಂದೇ ಕರೆದರು. ಆತ್ಮ ಬತ್ತುವುದೂ ಉಂಟು, ಮತ್ತೆ ಚಿಗುರುವುದೂ ಉಂಟು ಎಂಬುದು ಅವರ ನೋಟ. ಗಿಡಮೂಲಿಕೆಗಳ ಬಗ್ಗೆಯೂ ಬರೆದವರು ಅವರು. 2012ರಲ್ಲಿ ಕಥೋಲಿಕ ಧರ್ಮಸಭೆ ಅವರಿಗೆ ಧರ್ಮಸಭೆಯ ಪಂಡಿತರು ಎಂಬ ಗೌರವ ಕೊಟ್ಟಿತು.

*ನೀಲಿ.* ಆಕಾಶಕ್ಕೆ ಯಾರೂ ನೀಲಿ ಬಳಿದಿಲ್ಲ. ಸೂರ್ಯನ ಬೆಳಕು ಗಾಳಿಯ ಕಣಗಳಿಗೆ ಬಡಿದಾಗ ಕೆಂಪಿಗಿಂತ ನೀಲಿ ಜಾಸ್ತಿ ಚೆದುರುತ್ತದೆ, ಅದಕ್ಕೆ ಎಲ್ಲ ಕಡೆಯಿಂದಲೂ ನೀಲಿ ಬರುತ್ತದೆ. ನೆತ್ತಿಯ ಮೇಲೆ ಅದು ಗಾಢ, ದಿಗಂತದ ಕಡೆಗೆ ತೆಳು. ಎರಡನ್ನೂ ಹೋಲಿಸುತ್ತಾ ನೋಡಿ. ವಿಮೋಚನಕಾಂಡ 24:10ರಲ್ಲಿ ಇಸ್ರಾಯೇಲಿನ ಹಿರಿಯರು ದೇವರನ್ನು ಕಂಡಾಗ ಆತನ ಪಾದಗಳ ಕೆಳಗೆ ಆಕಾಶದಷ್ಟು ನಿರ್ಮಲವಾದ ನೀಲಮಣಿಯ ನೆಲಗಟ್ಟು ಇತ್ತಂತೆ. ಅರಣ್ಯಕಾಂಡ 15:38-39ರಲ್ಲಿ ಬಟ್ಟೆಯ ಅಂಚಿನ ಗೊಂಡೆಗೆ ಒಂದು ನೀಲಿ ದಾರ ಸೇರಿಸಿ, ಅದನ್ನು ನೋಡಿದಾಗಲೆಲ್ಲ ನನ್ನ ಆಜ್ಞೆಗಳನ್ನು ನೆನೆಸಿಕೊಳ್ಳಿ ಎಂದು ದೇವರು ಹೇಳುತ್ತಾರೆ. ಮರೆಯುವ ಜನರಿಗೆ ಒಂದು ಎಳೆ ನೀಲಿ. ಕೆಲಸದ ನಡುವೆ ತಲೆಯೆತ್ತಿ ಅರ್ಧ ನಿಮಿಷ ಆಕಾಶ ನೋಡುವುದನ್ನು ಈ ವಾರ ರೂಢಿ ಮಾಡಿಕೊಳ್ಳಿ.

*ಕೆಂಪು.* ಇದು ಸುಲಭದ ಬಣ್ಣವಲ್ಲ. ಸೂರ್ಯ ಕೆಳಗಿಳಿದಾಗ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ನೀಲಿಯೆಲ್ಲ ದಾರಿಯಲ್ಲೇ ಚೆದುರಿ ಕೆಂಪು ಉಳಿಯುತ್ತದೆ. ಮತ್ತಾಯ 16:2-3ರಲ್ಲಿ ಯೇಸುಸ್ವಾಮಿ ಈ ಕೆಂಪನ್ನೇ ಹಿಡಿದು ಜನರನ್ನು ಚುಚ್ಚುತ್ತಾರೆ. ಸಂಜೆ ಕೆಂಪಾದರೆ ನಾಳೆ ಹವೆ ಚೆನ್ನಾಗಿರುತ್ತದೆ ಎಂದು ಗೊತ್ತು ಮಾಡುತ್ತೀರಿ, ಕಾಲದ ಸೂಚನೆಗಳು ಮಾತ್ರ ತಿಳಿಯುವುದಿಲ್ಲವೇ ಎನ್ನುತ್ತಾರೆ. ಯೆಶಾಯ 1:18ರಲ್ಲಿ ಪಾಪದ ಬಣ್ಣವೂ ಕಡುಕೆಂಪು. ಪವಿತ್ರಾತ್ಮರು ಇಳಿದಾಗ ಕಂಡದ್ದು ಬೆಂಕಿಯ ನಾಲಿಗೆಗಳು. ರಕ್ತ, ಪಾಪ, ಬೆಂಕಿ, ಪ್ರೀತಿ ಎಲ್ಲವೂ ಇದರಲ್ಲೇ ಇದೆ. ಕ್ಷಮೆ ಕೇಳಬೇಕಾದ ಯಾವುದಾದರೂ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಅದನ್ನು ಸಂಜೆಯ ಕೆಂಪಿನ ಮುಂದೆ ಹೇಳಿಬಿಡಿ. ಮನುಷ್ಯರ ಹತ್ತಿರ ಕ್ಷಮೆ ಕೇಳಬೇಕಿದ್ದರೆ ಆಕಾಶಕ್ಕೆ ಹೇಳಿ ಮುಗಿಸಬೇಡಿ, ಅವರ ಹತ್ತಿರವೇ ಹೋಗಿ.

*ಬಿಳಿ.* ಮೋಡ, ಮಂಜು, ನೊರೆ, ಬಿಳಿ ಹೂವು. ಹಿಮದ ಒಂದೊಂದು ಹರಳೂ ಪಾರದರ್ಶಕ. ರಾಶಿಯಾದಾಗ ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮ ಚೆದುರಿಸಿ ಬಿಳಿಯಾಗಿ ಕಾಣುತ್ತದೆ. ಯೆಶಾಯ 1:18ರ ಎರಡನೇ ಭಾಗವನ್ನು, ಕೀರ್ತನೆ 51:7ನ್ನು ಓದಿ. ಮಾರ್ಕ 9:3 ಇನ್ನೂ ಸ್ವಾರಸ್ಯಕರ. ಬೆಟ್ಟದ ಮೇಲೆ ಯೇಸುಸ್ವಾಮಿಯ ಬಟ್ಟೆ ಭೂಲೋಕದ ಯಾವ ಅಗಸನೂ ಒಗೆಯಲಾರದಷ್ಟು ಬೆಳ್ಳಗಾಯಿತು ಎನ್ನುತ್ತದೆ.

*ಕಂದು ಮತ್ತು ಬೂದಿ.* ಬಣ್ಣಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇವನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಇವು ಬಹಳ ಮುಖ್ಯ ಅನ್ನಿಸುತ್ತವೆ. ಮಣ್ಣು, ತೊಗಟೆ, ಒಣಗಿದ ಹುಲ್ಲು, ಗುಬ್ಬಿಯ ರೆಕ್ಕೆ. ಚೆಂದದ್ದನ್ನು ಮಾತ್ರ ನೋಡಿ ಶಾಂತಿ ಪಡೆಯುವವರು ಚೆಂದವಿಲ್ಲದ ದಿನ ಬಂದಾಗ ಏನು ಮಾಡುತ್ತಾರೆ? ಕಾಸಿಗೆ ಎರಡರಂತೆ ಮಾರುವ ಗುಬ್ಬಿಯೂ ತಂದೆಯ ಅರಿವಿಲ್ಲದೆ ನೆಲಕ್ಕೆ ಬೀಳುವುದಿಲ್ಲ ಎಂದು ಮತ್ತಾಯ 10:29ರಲ್ಲಿದೆ. ಆಗಿನ ಸಂತೆಯಲ್ಲಿ ಅತಿ ಅಗ್ಗದ ಹಕ್ಕಿ ಅದು. ನಾವು ಧೂಳು ಎಂಬುದನ್ನು ಆತನು ನೆನಪಿಟ್ಟುಕೊಂಡಿದ್ದಾನೆ ಎಂದು ಕೀರ್ತನೆ 103:14 ಹೇಳುವುದು ಬೈಗುಳವಲ್ಲ, ಕನಿಕರದ ಮಾತು.

ಎಲೆ ಒಣಗುವ ಕಾಲವಾದರೆ ಒಂದು ಸಂಗತಿ ಗಮನಿಸಿ. ಹಳದಿಯಾದ ಎಲೆಗೆ ಹಳದಿ ಹೊಸದಾಗಿ ಬಂದದ್ದಲ್ಲ. ಹಳದಿ ವರ್ಣದ್ರವ್ಯ ಮೊದಲಿನಿಂದಲೂ ಎಲೆಯೊಳಗೇ ಇತ್ತು. ಪತ್ರಹರಿತ್ತು ಕರಗಿದ ಮೇಲೆ ಅದು ಕಾಣಿಸಿತು. ವಯಸ್ಸಾಗುತ್ತಿರುವವರು, ಕೈಯಲ್ಲಿದ್ದ ಕೆಲಸ ಬಿಟ್ಟುಕೊಟ್ಟವರು ಇಂಥ ಎಲೆಯೊಂದನ್ನು ಹಿಡಿದುಕೊಂಡು ಯೆಶಾಯ 40:6-8 ಓದಬಹುದು.

*ಮಳೆಬಿಲ್ಲು.* ಇದನ್ನು ಬೇಕೆಂದಾಗ ಕರೆಸಲಾಗದು. ಆದರೂ ಎಲ್ಲಿ ನೋಡಬೇಕೆಂದು ಗೊತ್ತಿರಲಿ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಮಳೆ ಮುಂದಿರಬೇಕು. ಬೆಳಗ್ಗೆಯಾದರೆ ಪಶ್ಚಿಮದಲ್ಲಿ, ಸಂಜೆಯಾದರೆ ಪೂರ್ವದಲ್ಲಿ ಕಾಣುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಸಮನೆಲದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುವ ಬಿಲ್ಲು ನಿಮ್ಮದಲ್ಲ, ಬೇರೆ ಹನಿಗಳಿಂದ ಬಂದದ್ದು. ಆದಿಕಾಂಡ 9:16 ಓದುವಾಗ ಯಾರು ಯಾರನ್ನು ನೆನೆಸಿಕೊಳ್ಳುತ್ತಾರೆ ನೋಡಿ. ಬಿಲ್ಲನ್ನು ನೋಡಿ ಒಡಂಬಡಿಕೆಯನ್ನು ನೆನೆಸಿಕೊಳ್ಳುವವರು ದೇವರೇ. ನೀವು ಬಿಲ್ಲನ್ನು ನೋಡುತ್ತಿರುವಾಗ ಅವರೂ ಅದನ್ನೇ ನೋಡುತ್ತಿದ್ದಾರೆ.

ಹಂತ 5: ಕತ್ತಲಿಗೂ ಒಂದು ವಾರ ಕೊಡಿ

ಇದಕ್ಕೆ ಸ್ವಲ್ಪ ಧೈರ್ಯ ಬೇಕು. ಸೂರ್ಯ ಮುಳುಗುವ ಹೊತ್ತಿಗೆ ಕುಳಿತು ದೀಪ ಹಾಕದೆ ಬಣ್ಣಗಳು ಹೋಗುವುದನ್ನು ನೋಡುತ್ತಾ ಇರಿ. ಎಲ್ಲ ಬಣ್ಣಗಳೂ ಒಟ್ಟಿಗೆ ಹೋಗುವುದಿಲ್ಲ. ಮೊದಲು ಕೆಂಪು ಹೂವು ಕಪ್ಪಾಗುತ್ತದೆ. ಅದೇ ಹೊತ್ತಿನಲ್ಲಿ ಹಸಿರು ಮತ್ತು ನೀಲಿ ಇನ್ನೂ ತಿಳಿಯಾಗಿ ಕಾಣುತ್ತವೆ. ಆಮೇಲೆ ಅವೂ ಬೂದಿಯಾಗುತ್ತವೆ. ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಕೆಲಸ ಬಿಟ್ಟು ಬೇರೆ ಕೋಶಗಳು ಕೆಲಸ ಹಿಡಿಯುವುದರಿಂದ ಹೀಗಾಗುತ್ತದೆ. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ನೋಡಿದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬೈಬಲಿನಲ್ಲಿ ಕತ್ತಲು ಎಂದರೆ ಕೆಡುಕು ಎಂದಷ್ಟೇ ನಾವು ಕಲಿತಿದ್ದೇವೆ. ಅದು ಅರ್ಧ ಮಾತು. ಜನರೆಲ್ಲ ದೂರ ನಿಂತಾಗ ಮೋಶೆ ದೇವರಿದ್ದ ಕಾರ್ಗತ್ತಲ ಹತ್ತಿರ ಹೋದನು ಎಂದು ವಿಮೋಚನಕಾಂಡ 20:21ರಲ್ಲಿದೆ. ಆದಿಕಾಂಡದ ಒಂದೊಂದು ದಿನವೂ ಸಾಯಂಕಾಲದಿಂದ ಶುರುವಾಗಿ ಬೆಳಗಿಗೆ ಬರುತ್ತದೆ. ಯೇಸುಸ್ವಾಮಿ ಶಿಲುಬೆಯ ಮೇಲಿದ್ದಾಗ ನಡುಹಗಲಿನಿಂದ ಮೂರು ಗಂಟೆಯವರೆಗೆ ಕತ್ತಲು ಕವಿಯಿತು. ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಯ ಬಳಿಗೆ ಬಂದಳು ಎಂದು ಯೋಹಾನ 20:1 ಹೇಳುತ್ತದೆ. ಅಂದರೆ ಪುನರುತ್ಥಾನ ಯಾರ ಕಣ್ಣಿಗೂ ಬೀಳದೆ ಕತ್ತಲಲ್ಲೇ ಆಗಿಹೋಗಿತ್ತು.

ದುಃಖದಲ್ಲಿರುವವರಿಗೆ ಹೂವು, ಹಸಿರು ನೋಡಲು ಹೇಳಿದರೆ ಕೆಲವೊಮ್ಮೆ ಸಿಟ್ಟು ಬರುತ್ತದೆ. ಅದು ನ್ಯಾಯವೇ. ಅಂಥವರು ಇಲ್ಲಿಂದಲೇ ಶುರು ಮಾಡಬಹುದು. ಕೀರ್ತನೆ 139:12 ಓದಿ, ಇಲ್ಲವೇ ಏನನ್ನೂ ಓದದೆ ಕುಳಿತಿರಿ. ಆಕಾಶ ತಿಳಿಯಾಗಿದ್ದರೆ ನಕ್ಷತ್ರಗಳು ಕಾಣುತ್ತವೆ. ಲೊಯೋಲದ ಸಂತ ಇಗ್ನಾಸಿಯವರು (1491–1556) ತಮಗೆ ಅತಿ ಹೆಚ್ಚಿನ ಸಾಂತ್ವನ ಸಿಕ್ಕಿದ್ದು ಆಕಾಶವನ್ನೂ ನಕ್ಷತ್ರಗಳನ್ನೂ ನೋಡುವುದರಲ್ಲಿ ಎಂದು ಹೇಳಿಕೊಂಡಿದ್ದಾರೆ. ಹಾಗೆ ಬಹಳ ಹೊತ್ತು ನೋಡುತ್ತಾ ಇರುತ್ತಿದ್ದರಂತೆ. ಎದ್ದು ಬರುವಾಗ ಕೀರ್ತನೆ 4:8 ಹೇಳಿಕೊಂಡು ಮಲಗಿ. ಸಮಾಧಾನದಿಂದ ಮಲಗಿ ನಿದ್ದೆ ಮಾಡುವೆನು ಎಂಬ ಈ ಕೀರ್ತನೆ ಮಲಗುವ ಹೊತ್ತಿನ ಪ್ರಾರ್ಥನೆಯಲ್ಲಿ ತಲೆತಲಾಂತರದಿಂದ ಇದೆ.

ಒಂದು ಮಾತು ಮರೆಯಬೇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು. ಸಾಯಬೇಕು ಎಂದು ಕೇಳಿಕೊಂಡು ಮಲಗಿದ್ದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ ಮತ್ತು ನೀರು (1 ಅರಸು 19).

ಹಂತ 6: ವರ್ಷದ ಬಣ್ಣಗಳ ಜೊತೆ ಹೆಜ್ಜೆ ಹಾಕಿ

ಕಥೋಲಿಕ, ಲುಥೆರನ್, ಆಂಗ್ಲಿಕನ್ ಸಭೆಗಳಲ್ಲಿ ಆರಾಧನೆಯ ವಸ್ತ್ರಗಳ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ನೋಡಿರುತ್ತೀರಿ. ಆಗಮನ ಕಾಲಕ್ಕೂ ತಪಸ್ಸು ಕಾಲಕ್ಕೂ ನೇರಳೆ, ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಪಂಚಾಶತ್ತಮ ಹಬ್ಬಕ್ಕೂ ರಕ್ತಸಾಕ್ಷಿಗಳ ಹಬ್ಬಕ್ಕೂ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಮುಂದೆ ಮೂರನೇ ಇನೊಸೆಂಟ್ ಎಂಬ ಹೆಸರಿನಲ್ಲಿ ಪೋಪರಾದವರು 12ನೇ ಶತಮಾನದ ಕೊನೆಯಲ್ಲೇ ಬಿಳಿ, ಕೆಂಪು, ಕಪ್ಪು, ಹಸಿರು ಬಣ್ಣಗಳನ್ನು ಯಾವಾಗ ಬಳಸಬೇಕೆಂದು ಬರೆದರು. ಹಸಿರು ಉಳಿದವುಗಳ ನಡುವಿನ ಬಣ್ಣ, ಅದಕ್ಕೇ ಸಾಮಾನ್ಯ ದಿನಗಳಿಗೆ ಅದು ಎಂಬುದು ಅವರ ಕಾರಣ. ಕಥೋಲಿಕ ಕ್ರಮದಲ್ಲಿ ಸಾಧಾರಣ ಕಾಲ 33 ಅಥವಾ 34 ವಾರ ಇರುತ್ತದೆ. ಹಬ್ಬವೂ ಇಲ್ಲ, ಉಪವಾಸವೂ ಇಲ್ಲದ ವಾರಗಳೇ ವರ್ಷದಲ್ಲಿ ಜಾಸ್ತಿ ಎಂದಾಯಿತು.

ಇದನ್ನು ಹೀಗೆ ಬಳಸಿ. ಭಾನುವಾರ ಕಂಡ ಬಣ್ಣವನ್ನು ಆ ವಾರವೆಲ್ಲ ಹೊರಗೆ ಹುಡುಕಿ. ನೇರಳೆಯ ಕಾಲವಾದರೆ ಸಂಜೆಯ ಮೋಡದ ಅಂಚಿನಲ್ಲಿ, ದೂರದ ಬೆಟ್ಟದ ಸಾಲಿನಲ್ಲಿ, ಯಾರೂ ನೆಡದೆ ಬೆಳೆದ ಸಣ್ಣ ಹೂವಿನಲ್ಲಿ ಅದು ಸಿಗುತ್ತದೆ. ಸೈನಿಕರು ಯೇಸುಸ್ವಾಮಿಗೆ ಹೊದಿಸಿ ಗೇಲಿ ಮಾಡಿದ ನಿಲುವಂಗಿಯೂ ಇದೇ ರಾಜವರ್ಣದ್ದು (ಯೋಹಾನ 19:2). ಋತುವಿಗೂ ಹಬ್ಬಕ್ಕೂ ಎಲ್ಲ ಕಡೆ ತಾಳೆಯಾಗುತ್ತದೆ ಎಂದು ತಿಳಿಯಬೇಡಿ. ಈಸ್ಟರ್ ಎಂದರೆ ಚಿಗುರು ಎನ್ನುವುದು ಉತ್ತರ ಗೋಳದ ಮಾತು. ದಕ್ಷಿಣ ಗೋಳದವರಿಗೆ ಅದು ಎಲೆ ಉದುರುವ ಕಾಲದಲ್ಲಿ ಬರುತ್ತದೆ. ಅವರ ಪುನರುತ್ಥಾನಕ್ಕೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಸಭೆಯಲ್ಲಿ ಈ ಪದ್ಧತಿ ಇಲ್ಲದಿದ್ದರೆ ಈ ಹಂತ ಬಿಡಬಹುದು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಹಲವು ಸಭೆಗಳು ಸೃಷ್ಟಿಯ ಕಾಲ ಎಂದು ಆಚರಿಸುತ್ತವೆ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು 1989ರಲ್ಲಿ ಗೊತ್ತು ಮಾಡಿದವರು ಆರ್ಥೊಡಾಕ್ಸ್ ಸಭೆಯ ಕುಲಪತಿ ದಿಮಿತ್ರಿಯೊಸ್. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಹೊಸದಾಗಿ ಶುರು ಮಾಡುವವರಿಗೆ ಇದು ಒಳ್ಳೆಯ ಹೊತ್ತು. ಒಬ್ಬರೇ ಮಾಡುತ್ತಿದ್ದೇವೆ ಅನ್ನಿಸುವುದಿಲ್ಲ. ಕಣ್ಣಿಟ್ಟು ನೋಡಿದ ಗಿಡಕ್ಕೆ ನೀರು ಹಾಕುವುದು, ನೋಡಿದ ಹೊಳೆಗೆ ಕಸ ಎಸೆಯದಿರುವುದು ಆ ಪ್ರಾರ್ಥನೆಯ ಭಾಗವೇ.

ಎದುರಾಗುವ ತೊಡಕುಗಳು

ಮನಸ್ಸು ಓಡುತ್ತದೆ. ಓಡಲಿ. ಗೊತ್ತಾದ ಕೂಡಲೇ ಬೈದುಕೊಳ್ಳದೆ ಬಣ್ಣಕ್ಕೆ ಹಿಂದಿರುಗಿ. ಬೇಸರ ಬರುವುದು ಅಭ್ಯಾಸ ಶುರು ಮಾಡಿದ ಕೆಲವು ದಿನಗಳ ನಂತರ, ಹೊಸತನ ಮುಗಿದಾಗ. ಬಹಳ ಮಂದಿ ಬಿಡುವುದು ಆಗಲೇ. ಆಗ ಹೊತ್ತನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಮೋಡ ಕವಿದ ದಿನ ಹಸಿರು ಇನ್ನೂ ಗಾಢವಾಗಿ ಕಾಣುತ್ತದೆ, ಆದ್ದರಿಂದ ಹವೆಯ ನೆಪ ಬೇಡ.

ಬರೆದಿಡುವ ಅಭ್ಯಾಸ ಇದ್ದರೆ ದಿನಕ್ಕೆ ಎರಡು ಸಾಲು ಸಾಕು: ಏನು ನೋಡಿದೆ, ಏನು ಹೇಳಿದೆ. ಉದ್ದಕ್ಕೆ ಬರೆಯತೊಡಗಿದರೆ ನೋಡುವಾಗಲೇ ಏನು ಬರೆಯಲಿ ಎಂಬ ಯೋಚನೆ ಹತ್ತಿಕೊಳ್ಳುತ್ತದೆ. ಫೋಟೋದ ಕಥೆಯೂ ಇದೇ.

ಕೆಲವರಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಇದು ಬಹಳ ಜಾಸ್ತಿ. ಅವರು ಬಣ್ಣದ ಹೆಸರಿನ ಗೋಜಿಗೆ ಹೋಗದೆ ತಿಳಿ ಮತ್ತು ಗಾಢ, ಬೆಳಕು ಮತ್ತು ನೆರಳು ಎಂದು ನೋಡಿದರೂ ಹಂತಗಳೆಲ್ಲ ಹಾಗೇ ನಡೆಯುತ್ತವೆ. ದೃಷ್ಟಿಯೇ ಇಲ್ಲದವರಿಗೆ ಇದು ಸಲ್ಲದು ಎಂದು ಯಾರಾದರೂ ಹೇಳಿದರೆ ಫ್ರಾನ್ಸಿಸರ ಸಂಗತಿ ಹೇಳಿ. ಸೂರ್ಯನನ್ನು ಅಣ್ಣ ಎಂದು ಕರೆದು, ಬಣ್ಣದ ಹೂವುಗಳನ್ನು ಕೊಡುವ ಭೂಮಿತಾಯಿಗಾಗಿ ದೇವರನ್ನು ಕೊಂಡಾಡಿದ ಸ್ತುತಿಗೀತೆಯನ್ನು ಅವರು ರಚಿಸಿದ್ದು 1225ರ ಸುಮಾರಿಗೆ, ಅಸ್ಸಿಸಿಯ ಹತ್ತಿರದ ಸಾನ್ ದಾಮಿಯಾನೊದಲ್ಲಿ ಕಾಯಿಲೆ ಬಿದ್ದಿದ್ದಾಗ. ಆಗ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬೆಳಕು ಕಂಡರೆ ನೋವಾಗುತ್ತಿದ್ದ ಕಾರಣ ಕತ್ತಲೆಯಲ್ಲೇ ಇರುತ್ತಿದ್ದರು. ಕಣ್ಣು ಚೆನ್ನಾಗಿದ್ದಾಗ ನೋಡಿ ತುಂಬಿಕೊಂಡದ್ದು ಆಗ ಹಾಡಾಯಿತು.

ಹಾಸಿಗೆ ಹಿಡಿದವರಿಗೂ ಇದನ್ನು ಮಾಡಿಸಬಹುದು. ಒಂದು ರೆಂಬೆ ತಂದು ಅವರ ಕಣ್ಣಿಗೆ ಬೀಳುವ ಹಾಗೆ ಇಡಿ, ಒಂದು ವಚನ ಓದಿ, ಜೊತೆಗೆ ಕುಳಿತುಕೊಳ್ಳಿ. ಏನನ್ನಿಸಿತು ಎಂದು ಕೇಳಬೇಡಿ. ಮಕ್ಕಳ ಜೊತೆಯಾದರೆ ಆಟದಿಂದ ಶುರು ಮಾಡಿ. ಒಂದೇ ಬಣ್ಣದ ಬೇರೆ ಬೇರೆ ಛಾಯೆಗಳನ್ನು ನೆಲದಿಂದ ಹೆಕ್ಕಿ ತರಲು ಹೇಳಿ, ಕೀಳುವುದು ಬೇಡ. ತಂದದ್ದನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಜೋಡಿಸಲಿ. ಆಮೇಲೆ ಆದಿಕಾಂಡ ಮೊದಲನೇ ಅಧ್ಯಾಯದ ಒಂದು ದಿನದ ಭಾಗವನ್ನು ಓದಿ ಹೇಳಿ. ಐದಾರು ವರ್ಷದವರಿಗೆ ಹತ್ತು ನಿಮಿಷ ಸಾಕು, ಪ್ರಾರ್ಥನೆಯನ್ನು ಅವರೇ ಹೇಳಲಿ.